‘ಮಷೀನ್ – ಕೇಳಬೇಡಿ’

ಕಂಪ್ಲಿಯಿಂದ ಬಂದಿದ್ದ ಆ ಹೆಣ್ಣುಮಗಳು ಅಂಗಡಿ ಮುಂದೆ ಆಟೋ ನಿಲ್ಲಿಸಿ, ‘ಇಳಿಸಾಕ ಇಬ್ರು ಬೇಕ್ರೀ’ ಅಂದಾಗ ವಾಷಿಂಗ್ ಮಷೀನ್ ಇರಬೇಕು ಅಂದುಕೊಂಡೆ. ನೋಡಿದರೆ ಉದ್ದನೆಯ ಮರದ ಪೆಟ್ಟಿಗೆ. ಒಳಗೆ ಹಳೇ ಕೌದಿಯಲ್ಲಿ ಸುತ್ತಿಟ್ಟ ಕೀಬೋರ್ಡು. ಕೌದಿ ಸರಿಸಿದ ಮೇಲೆ ಬಲಗಡೆ ಮೂಲೆಯ ಹೆಸರು ಓದಿದೆ: ಕೋರ್ಗ್ ಪಾಲಿಸಿಕ್ಸ್. ಒಂದು ಕ್ಷಣ ಮಾತು ಬರಲಿಲ್ಲ. ಹೊಸಪೇಟೆಯಲ್ಲಿ ಮೂವತ್ತು ವರ್ಷದಿಂದ ಟಿವಿ, ಯುಪಿಎಸ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಈ ಮಾಡೆಲ್ಲಿನ ಬಗ್ಗೆ ಓದಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ.

ಅದು 2024ರ ಆಗಸ್ಟ್. ನಿಮಗೆ ನೆನಪಿರಬಹುದು, 10ನೇ ತಾರೀಕು ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು, ಗೇಟೇ ಕೊಚ್ಚಿಕೊಂಡು ಹೋಯಿತು. ಹೊಳೆ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಕೊಟ್ಟರು. ಕಂಪ್ಲಿಯ ಈಕೆಯ ಮನೆಯವರು ಗಾಬರಿಯಾಗಿ, ಇದ್ದಬದ್ದ ಸಾಮಾನನ್ನೆಲ್ಲ ಮೇಲಿನ ಊರಲ್ಲಿದ್ದ ಸಂಬಂಧಿಕರ ಮನೆಗೆ ಸಾಗಿಸಿದರಂತೆ. ನೀರು ಮನೆತನಕ ಬರಲಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿದ್ದ ಪೆಟ್ಟಿಗೆ ಕೆಳಗೆ ಬಂತು.

‘ಅಪ್ಪಂದು. ಆರ್ಕೆಸ್ಟ್ರಾದಾಗ ನುಡಿಸ್ತಿದ್ರು. ಈಗ ಹಚ್ಚಿದ್ರ ಬರೇ ಕೀಂ ಅಂತ ಒಂದ ಸಮ ಹೊಯ್ಕೊಳ್ತೈತಿ. ಲೈಟು ತಾವ ಕುಣಿತಾವ. ರಿಪೇರಿ ಆಗ್ತದಾ?’

ಬೇರೆ ಗಿರಾಕಿ ಆಗಿದ್ದರೆ ‘ಬಿಟ್ಟು ಹೋಗ್ರಿ, ನೋಡ್ತೀನಿ’ ಅನ್ನುತ್ತಿದ್ದೆ. ಈಕೆಗೆ ಕೇಳಿದ್ದು ಬೇರೆ ಪ್ರಶ್ನೆ: ‘ಇದರೊಳಗ ಅಪ್ಪ ಏನಾದ್ರೂ ಇಟ್ಟಿದ್ರಾ?’

ಆಕೆಗೆ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಆ ಪ್ರಶ್ನೆ ಕೇಳುವುದನ್ನು ನಾನು ಕಲಿತದ್ದು 1993ರಲ್ಲಿ, ಒಬ್ಬರ ಹೊಟ್ಟೆ ಉರಿಸಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತೆರಡು. ಐಟಿಐ ಮುಗಿಸಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಂಡೂರಿನಿಂದ ಒಬ್ಬ ಮೇಷ್ಟ್ರು ಬಂದರು. ಹಗಲು ಶಾಲೆ, ರಾತ್ರಿ ರಸಮಂಜರಿ. ಅವರ ಹತ್ತಿರ ರೋಲ್ಯಾಂಡ್ ಜೂನೋ-106 ಇತ್ತು, 1984ರ ಮಾಡೆಲ್ಲು. ಕೆಲವು ಕೀಲಿ ಒತ್ತಿದರೆ ಸದ್ದಿಲ್ಲ. ಬಿಚ್ಚಿ ನೋಡಿದರೆ ಕೀಲಿಗಳ ಕೆಳಗೆಲ್ಲ ಕೆಂಪು ಧೂಳು. ಸಂಡೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಅದಿರಿನ ಆ ಧೂಳು ಅನ್ನದ ತಟ್ಟೆಯನ್ನೂ ಬಿಡುವುದಿಲ್ಲ. ಬ್ರಷ್ಷು, ಸ್ಪಿರಿಟ್ಟು ಹಿಡಿದು ಅರ್ಧ ದಿನ ಕೂತು ಸ್ವಚ್ಛ ಮಾಡಿದೆ. ಎಲ್ಲ ಕೀಲಿಯೂ ಹೇಳಿದ ಮಾತು ಕೇಳಿದವು. ಅಲ್ಲಿಗೆ ಮುಚ್ಚಿಬಿಡಬೇಕಿತ್ತು.

ಒಳಗೆ ಬೋರ್ಡಿನ ಮೇಲೆ ಗುಂಡನೆಯ ಮೂರು ವೋಲ್ಟಿನ ಸೆಲ್ ಕಂಡಿತು. ವಾಚಿನ ಸೆಲ್ಲಿನ ಅಣ್ಣನ ಹಾಗೆ. ‘ಒಂಬತ್ತು ವರ್ಷದ ಸೆಲ್ಲು, ಹೊಸದು ಹಾಕಿಕೊಡೋಣ, ಮೇಷ್ಟ್ರು ಖುಷಿ ಆಗ್ತಾರ’ ಅಂತ ಕಾವಿ ಕಾಯಿಸಿ ಹಳೆಯದನ್ನು ಕಿತ್ತೆ, ಹೊಸದನ್ನು ಬೆಸೆದೆ. ಸಂಜೆ ಮೇಷ್ಟ್ರು ಬಂದು ಸ್ವಿಚ್ ಹಾಕಿ, ತಮ್ಮ ನಂಬರು ಒತ್ತಿ, ಒಂದು ಸ್ವರ ನುಡಿಸಿದರು. ಗೊರಗೊರ ಅಂದಿತು. ಇನ್ನೊಂದು ನಂಬರು. ಅದೂ ಹಾಗೇ. 128 ಸದ್ದುಗಳ ಜಾಗದಲ್ಲಿ ಒಂದೂ ಉಳಿದಿರಲಿಲ್ಲ. ಒಂಬತ್ತು ವರ್ಷ ಆ ಮನುಷ್ಯ ಗುಂಡಿ ತಿರುಗಿಸಿ ತಿರುಗಿಸಿ ಕಟ್ಟಿಟ್ಟಿದ್ದ ಕೊಳಲು, ಪಿಟೀಲು, ನಾದಸ್ವರದಂಥದ್ದು, ಎಲ್ಲ ಹೋಗಿತ್ತು. ಕಳೆದದ್ದು ನಾನು, ಯಾರೂ ಕೇಳದ ಉಪಕಾರ ಮಾಡಲು ಹೋಗಿ.

ಮರುದಿನ ಸಂಜೆ ಅವರ ಕಾರ್ಯಕ್ರಮ ಹಂಪಿಯಲ್ಲಿ, ವಿರೂಪಾಕ್ಷನ ಜಾತ್ರೆ ಹೊತ್ತು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ. ‘ಒಂದು ಸ್ಟೂಲ್ ಕೊಡು’ ಅಂದರು. ಅಂಗಡಿಯಲ್ಲೇ ಕೂತು, ರಾತ್ರಿ ಪೂರ್ತಿ, ಕಿವಿಯ ನೆನಪಿನಲ್ಲಿ ಹದಿನಾರು ಸದ್ದು ಮತ್ತೆ ಕಟ್ಟಿದರು. ನಾನು ಚಹಾ ತಂದುಕೊಟ್ಟೆ, ಅಷ್ಟೇ ಬಂದದ್ದು ನನಗೆ. ಬೆಳಗ್ಗೆ ಸಾಮಾನು ಹೊರಲು ಅವರ ಜೊತೆಗೇ ಹಂಪಿಗೆ ಹೋದೆ. ಮಧ್ಯಾಹ್ನ ಬಿಡುವಿತ್ತು. ವಿಜಯ ವಿಠ್ಠಲ ಗುಡಿಗೆ ಹೋಗಿ ಸಂಗೀತದ ಕಂಬಗಳ ಮುಂದೆ ನಿಂತೆವು. ಮೇಷ್ಟ್ರು ಕಂಬ ಮುಟ್ಟದೆ ನನ್ನ ಕಡೆ ತಿರುಗಿ, ‘ನೋಡೋ, ಇದಕ್ಕ ಸೆಲ್ ಹಾಕಂಗಿಲ್ಲ’ ಅಂದರು. ಅವರು ನಕ್ಕರು. ನನಗೆ ನಗು ಬರಲಿಲ್ಲ.

ವಿಷಯ ಇಷ್ಟೇ. ಅನಲಾಗ್ ಸಿಂಥಸೈಜರಿನ ಒಳಗೆ ಕೊಳಲೂ ಇಲ್ಲ, ಪಿಟೀಲೂ ಇಲ್ಲ. ಕರೆಂಟಿನ ಅಲೆ ಹುಟ್ಟಿಸುವ ಸರ್ಕ್ಯೂಟು, ಅದರ ಚೂಪುತನ ಕತ್ತರಿಸುವ ಫಿಲ್ಟರು, ಸದ್ದು ಏರುವ ಇಳಿಯುವ ವೇಗ ಹೇಳುವ ಗುಂಡಿಗಳು, ಇಷ್ಟಿರುತ್ತವೆ. ಯಾವ ಗುಂಡಿ ಎಷ್ಟು ತಿರುಗಿದೆ ಅನ್ನುವುದೇ ಸದ್ದು. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ತೊಗರಿಬೇಳೆ ಎಲ್ಲರ ಮನೆಯದೂ ಒಂದೇ, ಸಾರು ಮಾತ್ರ ಅವರವರ ಕೈಯದು.

ಮೊದಲು ಈ ಯಂತ್ರಗಳಿಗೆ ನೆನಪೇ ಇರಲಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥಸೈಜರ್ ತಂದು ಜೋಡಿಸಿಕೊಟ್ಟಿದ್ದರು. ಅದರಲ್ಲಿ ವೈರುಗಳನ್ನು ತೂತಿನಿಂದ ತೂತಿಗೆ ಸಿಕ್ಕಿಸಿ ಸದ್ದು ಕಟ್ಟಬೇಕು. ವೈರು ಕಿತ್ತರೆ ಆ ಸದ್ದು ಮುಗಿಯಿತು. ಬೇಕಾದರೆ ಕಾಗದದ ಮೇಲೆ ಚಿತ್ರ ಬರೆದಿಟ್ಟುಕೊಳ್ಳಬೇಕಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್ ‘ಪ್ರಾಫೆಟ್-5’ ತಂದರು. ಅದರಲ್ಲಿ ಮೈಕ್ರೋಪ್ರೊಸೆಸರ್ ಇತ್ತು. ಗುಂಡಿಗಳು ಎಲ್ಲೆಲ್ಲಿ ನಿಂತಿವೆ ಅನ್ನುವುದನ್ನು ಅಂಕಿಗಳಾಗಿ ಬರೆದಿಟ್ಟುಕೊಂಡು, ಒಂದು ಬಟನ್ ಒತ್ತಿದರೆ ಅದೇ ಸದ್ದನ್ನು ಮತ್ತೆ ಕೊಡುತ್ತಿತ್ತು. ಹಾಡಿನಿಂದ ಹಾಡಿಗೆ ಅರ್ಧ ನಿಮಿಷದಲ್ಲಿ ಹಾರಬೇಕಾದ ಆರ್ಕೆಸ್ಟ್ರಾದವರಿಗೆ ಇದು ಎಂಥ ವರ ಅಂತ ಯೋಚನೆ ಮಾಡಿ. ಮೂರೇ ವರ್ಷಕ್ಕೆ, 1981ರಲ್ಲಿ, ಕೋರ್ಗ್ ಕಂಪನಿ ಕಡಿಮೆ ಬೆಲೆಗೆ ಪಾಲಿಸಿಕ್ಸ್ ತಂದಿತು. ಒಟ್ಟಿಗೆ ಆರು ಸ್ವರ, 32 ಸದ್ದುಗಳ ಮೆಮೊರಿ. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ತಟ್ಟೆ ಮಾಡಿದರಲ್ಲ, ಆಗ ಅವರ ಮುಂದೆ ಇದ್ದದ್ದೂ ಇಂಥ ಮೆಮೊರಿ ಇರುವ ರೋಲ್ಯಾಂಡ್ ಯಂತ್ರಗಳೇ.

ಆದರೆ ಆ ಕಾಲದ ಮೆಮೊರಿ ಚಿಪ್ಪು ಕರೆಂಟು ಇರುವವರೆಗೆ ಮಾತ್ರ ನೆನಪಿಡುತ್ತದೆ. ಸ್ವಿಚ್ ಆರಿಸಿದರೆ ಖಾಲಿ. ಹಾಗಾಗದಿರಲಿ ಅಂತ ಒಳಗೆ ಒಂದು ಪುಟ್ಟ ಬ್ಯಾಟರಿ ಹಗಲೂ ರಾತ್ರಿ ಚಿಪ್ಪಿಗೆ ಚೂರು ಚೂರು ಕರೆಂಟು ಕುಡಿಸುತ್ತಾ ಇರುತ್ತದೆ. ಜೂನೋದಲ್ಲಿ ನಾನು ಕಿತ್ತದ್ದು ಅದನ್ನೇ.

ಪಾಲಿಸಿಕ್ಸಿನ ಕಥೆ ಇನ್ನೂ ಕೆಟ್ಟದ್ದು. ಅದರಲ್ಲಿರುವುದು 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ. ಯಂತ್ರ ಹಚ್ಚಿದಾಗಲೆಲ್ಲ ಚಾರ್ಜ್ ಆಗುವಂಥದ್ದು. ವಯಸ್ಸಾದ ಮೇಲೆ ಇದು ಸೋರುತ್ತದೆ. ಹಳೇ ಟಾರ್ಚಿನಲ್ಲಿ ಸೆಲ್ ಬಿಟ್ಟು ಮರೆತರೆ ಬಿಳಿ ಹಸಿರು ಪುಡಿ ಹತ್ತುತ್ತದಲ್ಲ, ಅದೇ ಜಾತಿಯ ಕ್ಷಾರ. ದುರ್ದೈವ ಅಂದರೆ ಈ ಬ್ಯಾಟರಿಯನ್ನು ಕೂರಿಸಿರುವುದು ಯಂತ್ರದ ಮೆದುಳಿರುವ ಬೋರ್ಡಿನ ಮೇಲೇ. ಕೆಎಲ್‌ಎಂ-367 ಅಂತ ಅದರ ನಂಬರು. ರಿಪೇರಿಯವರ ನಡುವೆ ಆ ನಂಬರು ಹೇಳಿದರೆ ಸಾಕು, ಮಿಕ್ಕದ್ದು ಹೇಳಬೇಕಾಗಿಲ್ಲ. ಕಾವಲಿಗೆ ಕೂರಿಸಿದವನೇ ಮನೆ ತಿನ್ನುವುದು ಅಂದರೆ ಇದು. 386, 486 ಕಂಪ್ಯೂಟರುಗಳ ಕಾಲದಲ್ಲೂ ಇದೇ ತರಹದ ಬ್ಯಾಟರಿ ಸೋರಿ ಸತ್ತ ಮದರ್‌ಬೋರ್ಡುಗಳನ್ನು ನಾನು ಲೆಕ್ಕವಿಲ್ಲದಷ್ಟು ಗುಜರಿಗೆ ಹಾಕಿದ್ದೇನೆ.

ಆಕೆಯ ಎದುರಿಗೇ ಮುಚ್ಚಳ ಬಿಚ್ಚಿದೆ. ಅಂದುಕೊಂಡ ಹಾಗೇ ಇತ್ತು. ಬ್ಯಾಟರಿಯ ಸುತ್ತ ಹಸಿರು ಹೂವು ಅರಳಿತ್ತು. ಕೆಳಗಿನ ತಾಮ್ರದ ಗೆರೆಗಳು ಕಪ್ಪಾಗಿದ್ದವು.

‘ಅಪ್ಪ ಇಟ್ಟಿದ್ದ ಸದ್ದು ಇದರಾಗ ಉಳಿದಿಲ್ಲಮ್ಮ’ ಅಂದೆ. ‘ಯಂತ್ರ ಎಬ್ಬಿಸಬಹುದು. ಆದರ ಅದು ಅವರದ್ದಾಗಿ ಏಳಂಗಿಲ್ಲ.’

ಆಕೆ ಸುಮ್ಮನೆ ಕೂತಳು. ನನಗೂ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಆಮೇಲೆ ಯಂತ್ರದ ಹಿಂಬದಿಯಲ್ಲಿ ‘ಟೇಪ್’ ಅಂತ ಬರೆದಿದ್ದ ಸಾಕೆಟ್ಟು ಕಣ್ಣಿಗೆ ಬಿತ್ತು. ಆ ಕಾಲದ ಯಂತ್ರಗಳಲ್ಲಿ ಇದೊಂದು ಸೌಕರ್ಯ ಇರುತ್ತಿತ್ತು. ಮೆಮೊರಿಯಲ್ಲಿನ ಅಂಕಿಗಳನ್ನು ಸದ್ದಾಗಿ ಮಾಡಿ ಮಾಮೂಲಿ ಕ್ಯಾಸೆಟ್ಟಿಗೆ ತುಂಬಿಸಬಹುದು, ಬೇಕಾದಾಗ ಅದೇ ಕ್ಯಾಸೆಟ್ ಓಡಿಸಿ ವಾಪಸ್ ಪಡೆಯಬಹುದು. ಕೇಳಿದರೆ ಬರೇ ಕಿರಿಕಿರಿ. ‘ಮನೆಯಾಗ ಕ್ಯಾಸೆಟ್ ಅದಾವೇನು?’ ಅಂದೆ.

‘ಒಂದು ಟ್ರಂಕ್ ಐತ್ರೀ. ಎಲ್ಲ ರಾಜ್‌ಕುಮಾರ್ ಹಾಡು, ಭಜನಿ...’ ಅಂದವಳು ತಡೆದಳು. ‘ಒಂದರ ಮ್ಯಾಲ ಅಪ್ಪ ಬರೆದಿದ್ರು. ಮಷೀನ್, ಕೇಳಬೇಡಿ ಅಂತ. ಸಣ್ಣಕ್ಕಿದ್ದಾಗ ಕದ್ದು ಹಾಕಿದ್ವಿ. ದೆವ್ವ ಚೀರಿದಂಗ ಆಗಿ ಓಡಿ ಹೋಗಿದ್ವಿ.’

ಎರಡು ದಿನ ಬಿಟ್ಟು ಆ ಕ್ಯಾಸೆಟ್ ತಂದುಕೊಟ್ಟಳು. ನೀಲಿ ಬಾಲ್‌ಪೆನ್ನಿನ ದುಂಡು ಅಕ್ಷರ. ಮೇಲಂಚಿನ ಎರಡೂ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿದ್ದರು, ಅಂದರೆ ಅದರ ಮೇಲೆ ಬೇರೆ ಏನನ್ನೂ ರೆಕಾರ್ಡ್ ಮಾಡಲು ಬರಬಾರದು ಅಂತ. ಕಂಪ್ಲಿಯ ಆ ಮನುಷ್ಯನನ್ನು ನಾನು ನೋಡಿಲ್ಲ, ಆದರೆ ಆ ಮುರಿದ ಹಲ್ಲು ನೋಡಿ ಒಳ್ಳೆ ಮೆಕ್ಯಾನಿಕ್ ಆಗುತ್ತಿದ್ದರು ಅನ್ನಿಸಿತು.

ಆದರೆ ಕ್ಯಾಸೆಟ್ಟಿನ ಅಂಕಿ ತುಂಬಿಸಿಕೊಳ್ಳಲು ಮೊದಲು ಯಂತ್ರಕ್ಕೆ ನೆನಪಿನ ಶಕ್ತಿ ಬರಬೇಕಲ್ಲ.

ಬ್ಯಾಟರಿ ಕಿತ್ತು ಹೊರಗೆ ಹಾಕಿದೆ. ಕ್ಷಾರಕ್ಕೆ ಹುಳಿಯೇ ಮದ್ದು. ಗೋಬಿ ಮಂಚೂರಿ ಗಾಡಿಯ ಹುಡುಗನಿಂದ ಬಿಳಿ ವಿನೆಗರ್ ಇಸಿದುಕೊಂಡು ಹತ್ತಿಯಲ್ಲಿ ಅದ್ದಿ ಒರೆಸಿದರೆ ಹಸಿರು ಪುಡಿ ಸಣ್ಣಗೆ ನೊರೆಯಾಗಿ ಬಿಟ್ಟಿತು. ವಿನೆಗರ್ ಅಲ್ಲೇ ಬಿಟ್ಟರೆ ಅದೂ ತಾಮ್ರ ತಿನ್ನುತ್ತದೆ. ಹಾಗಾಗಿ ನೀರಿನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಂದು ದಿನ ಒಣಗಿಸಿದೆ. ಕಪ್ಪಾದ ಗೆರೆಗಳನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಮೀಟರಿನ ಎರಡು ಕಡ್ಡಿ ಇಟ್ಟು ಬೀಪ್ ಬರುತ್ತದಾ ಅಂತ ಒಂದೊಂದೇ ನೋಡಬೇಕು. ಬೀಪ್ ಬರದಿದ್ದಲ್ಲಿ ಕೂದಲಿನಷ್ಟು ತೆಳು ತಂತಿ ಬೆಸೆಯಬೇಕು. ಹದಿನೇಳು ಕಡೆ ಬೆಸೆದೆ. ಚಿಪ್ಪುಗಳ ಸಾಕೆಟ್ಟಿನ ಕಾಲುಗಳೂ ಕೊಳೆತಿದ್ದವು. ಒಬ್ಬರಿಗೆ ಫೋನ್ ಮಾಡಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದೆ, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದವು.

ಸ್ವಿಚ್ ಹಾಕಿದೆ. ಕೀಂ ಅನ್ನುವುದು ನಿಂತಿತ್ತು. ಲೈಟಿನ ಕುಣಿತವೂ ಇಲ್ಲ. ಒಂದು ಸದ್ದು ಕಟ್ಟಿ ಒಂದನೇ ಮನೆಯಲ್ಲಿ ಉಳಿಸಿದೆ, ಸರಿಯಾಗಿ ಬಂತು. ಖುಷಿಯಲ್ಲಿ ಐದನೇ ಮನೆಯಲ್ಲಿ ಬೇರೆ ಸದ್ದು ಉಳಿಸಿ ಒಂದಕ್ಕೆ ವಾಪಸ್ ಹೋದರೆ, ಅಲ್ಲೂ ಐದರದ್ದೇ! ಎರಡರದ್ದು ಆರಕ್ಕೆ, ಮೂರರದ್ದು ಏಳಕ್ಕೆ ಜೋಡಿ. ಎಲ್ಲ ಕಡೆ ನಾಲ್ಕರ ಅಂತರ.

ಇಂಥ ಕಡೆ ತಲೆ ಕೆಡಿಸಿಕೊಳ್ಳುವುದೇ ನಮ್ಮ ಕಸುಬಿನ ಸುಖ. ಪೋಸ್ಟ್‌ಮ್ಯಾನ್ ಮನೆ ನಂಬರು ಓದುವಾಗ ಒಂದು ಅಂಕಿ ಅಳಿಸಿದ್ದರೆ ಏನಾಗುತ್ತದೆ? ಎರಡು ಮನೆ ಕಾಗದ ಒಂದೇ ಮನೆಗೆ ಬೀಳುತ್ತದೆ. ಚಿಪ್ಪಿಗೂ ಹೀಗೇ ವಿಳಾಸದ ಗೆರೆಗಳಿರುತ್ತವೆ, ಒಂದು, ಎರಡು, ನಾಲ್ಕು, ಎಂಟು ಅಂತ ದುಪ್ಪಟ್ಟಾಗುತ್ತಾ ಹೋಗುವ ಲೆಕ್ಕ. ನಾಲ್ಕರ ಅಂತರದಲ್ಲಿ ಜೋಡಿಯಾಗುತ್ತಿವೆ ಅಂದರೆ ನಾಲ್ಕರ ಗೆರೆ ತುಂಡಾಗಿದೆ. ಚಿಪ್ಪು ಕೆಟ್ಟಿದೆ ಅಂತ ಹೊಸದು ಹಾಕಿ ದುಡ್ಡು ಸುರಿಯುವವರು ಎಡವುವುದು ಇಲ್ಲೇ. ನೆನಪೇ ಇಲ್ಲದಿರುವುದು ಬೇರೆ, ವಿಳಾಸ ತಪ್ಪುವುದು ಬೇರೆ. ಭೂತಗನ್ನಡಿ ಹಿಡಿದು ಆ ಗೆರೆಯ ಉದ್ದಕ್ಕೂ ಹೋದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಒಂದು ತೂತಿನೊಳಗೆ, ಬೋರ್ಡಿನ ಮೇಲಿನ ಮುಖದಿಂದ ಕೆಳಗಿನ ಮುಖಕ್ಕೆ ಇಳಿಯುವ ಕಡೆ, ತಾಮ್ರ ಸವೆದುಹೋಗಿತ್ತು. ಹದಿನೆಂಟನೇ ತಂತಿ. 32 ಮನೆಗೂ 32 ಬೇರೆ ಬೇರೆ ಸದ್ದು ತುಂಬಿ, ರಾತ್ರಿ ಆರಿಸಿಟ್ಟು, ಬೆಳಗ್ಗೆ ನೋಡಿದೆ. ಎಲ್ಲ ತಂತಮ್ಮ ಮನೆಯಲ್ಲೇ ಇದ್ದವು.

ಹೊಸ ಬ್ಯಾಟರಿ ನಿಕ್ಕಲ್ ಕ್ಯಾಡ್ಮಿಯಂ ಹಾಕಲಿಲ್ಲ. ಲಿಥಿಯಂ ಗುಂಡು ಸೆಲ್ಲನ್ನು ಹೋಲ್ಡರಿನಲ್ಲಿಟ್ಟು, ಬೋರ್ಡಿನಿಂದ ದೂರ ಕೂರಿಸಿದೆ. ಮುಂದಿನವನಿಗೆ ಕಾವಿ ಬೇಡ, ಉಗುರಿನಲ್ಲಿ ತೆಗೆಯಬಹುದು. ಒಂದು ಎಚ್ಚರಿಕೆ. ಹಳೆಯ ಸರ್ಕ್ಯೂಟು ಬ್ಯಾಟರಿಯನ್ನು ಚಾರ್ಜ್ ಮಾಡುವಂಥದ್ದು, ಈ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಿದರೆ ಸಿಡಿಯಬಹುದು. ಚಾರ್ಜ್ ಮಾಡುವ ರೆಸಿಸ್ಟರ್ ತೆಗೆದು, ಕರೆಂಟು ಹಿಂದಕ್ಕೆ ಹರಿಯದಂತೆ ಒಂದು ಡಯೋಡ್ ಹಾಕಲೇಬೇಕು.

ಇನ್ನು ಕ್ಯಾಸೆಟ್ಟು. ಮೂವತ್ತು ಚಿಲ್ಲರೆ ಬೇಸಿಗೆ ಕಂಡಿರುವ ರೀಲು, ನಮ್ಮ ಕಡೆಯ ಬೇಸಿಗೆ ಬೇರೆ. ಅದನ್ನು ಪದೇ ಪದೇ ಓಡಿಸುವ ಧೈರ್ಯ ಇರಲಿಲ್ಲ. ನನ್ನ ಹಳೇ ಡೆಕ್ಕಿಗೆ ಹೊಸ ಬೆಲ್ಟು ಹಾಕಿ, ಹೆಡ್ಡು ಸ್ಪಿರಿಟ್ಟಿನಿಂದ ಒರೆಸಿ, ಮೊದಲು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡೆ. ಆ ಕಾಪಿಯನ್ನು ಯಂತ್ರಕ್ಕೆ ಕೊಟ್ಟು ಲೋಡ್ ಬಟನ್ ಒತ್ತಿದರೆ, ಒಪ್ಪಲಿಲ್ಲ. ವಾಲ್ಯೂಮ್ ಏರಿಸಿದೆ, ಇಳಿಸಿದೆ. ಒಪ್ಪಲಿಲ್ಲ. ಮೂರು ಸಂಜೆ ಹೀಗೇ ಕಳೆದವು. ಮನೆಯವಳು ಫೋನಿನಲ್ಲಿ ಆ ಚೀರಾಟ ಕೇಳಿ, ‘ಅಂಗಡ್ಯಾಗ ಏನು ಕೊಲ್ಲಾಕ ಹತ್ತೀರಿ?’ ಅಂದಳು.

ನಾಲ್ಕನೇ ದಿನ ಹೊಳೆಯಿತು. ಚೀರಾಟ ಮಂಕಾಗಿ ಕೇಳುತ್ತಿತ್ತು, ಬಾಯಿಗೆ ಬಟ್ಟೆ ಕಟ್ಟಿದ ಹಾಗೆ. ಕಂಪ್ಲಿಯ ಅಪ್ಪ ರೆಕಾರ್ಡ್ ಮಾಡಿದ್ದ ಟೇಪ್ ರೆಕಾರ್ಡರಿನ ಹೆಡ್ಡು ಕೂದಲಷ್ಟು ಓರೆಯಾಗಿದ್ದಿರಬೇಕು. ನನ್ನ ಡೆಕ್ಕಿನದು ನೇರವಾಗಿತ್ತು! ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡಿಸುತ್ತಲೇ ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಒಂದು ಕಡೆ ಬಂದಾಗ ಸದ್ದು ಬ್ಲೇಡಿನ ಹಾಗೆ ಚೂಪಾಯಿತು. ಅಲ್ಲೇ ನಿಲ್ಲಿಸಿ ಮತ್ತೆ ಕಾಪಿ ಮಾಡಿಕೊಂಡು, ಯಂತ್ರಕ್ಕೆ ಕೊಟ್ಟೆ. ಈ ಸಲ ತೆಗೆದುಕೊಂಡಿತು.

ನಾನು ನುಡಿಸಿ ನೋಡಲಿಲ್ಲ. ಕಂಪ್ಲಿಗೆ ಫೋನ್ ಮಾಡಿದೆ.

ಆಕೆ ತಾಯಿಯನ್ನೂ ಕರೆದುಕೊಂಡು ಬಂದಳು. ಎಪ್ಪತ್ತು ದಾಟಿದ ಜೀವ, ಕಿವಿ ಸ್ವಲ್ಪ ಮಂದ. ಕುರ್ಚಿ ಹಾಕಿ ಸ್ಪೀಕರಿನ ಹತ್ತಿರವೇ ಕೂರಿಸಿದೆವು. ಮಗಳಿಗೆ ನುಡಿಸಲು ಬರುವುದಿಲ್ಲ, ಒಂದು ಬೆರಳಿನಲ್ಲಿ ಒತ್ತುತ್ತಾ ಹೋದಳು. ಪಿಟೀಲಿನ ಗುಂಪಿನಂಥ ಒಂದು ಸದ್ದು, ಬ್ರಾಸ್ ಇನ್ನೊಂದು. ಮೂರನೆಯದು ಬಂದಾಗ, ‘ಇದು ಪ್ರೇಮಲೋಕದ್ದು’ ಅಂದಳು. 1987ರ ನಂತರ ಹಂಸಲೇಖ ಹಾಡಿಲ್ಲದೆ ನಮ್ಮ ಕಡೆ ಯಾವ ಗಣೇಶನೂ ಹೊಳೆಗೆ ಹೋಗುತ್ತಿರಲಿಲ್ಲ. ತಾಯಿ ಸುಮ್ಮನೆ ಕೇಳುತ್ತಿದ್ದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕೇಳಿಸುತ್ತಿದೆಯೋ ಇಲ್ಲವೋ ಅಂತ ನನಗೆ ಅನುಮಾನ.

ಕೊನೆಯ ಸಾಲಿನ ಎಂಟನೇ ಬಟನ್. ಆಕೆ ಒಂದು ಕೀಲಿ ಒತ್ತಿ ಹಿಡಿದಳು. ಸದ್ದು ಕೆಳಗಿನಿಂದ ಮೆಲ್ಲಗೆ ಏರಿತು, ಏರಿ ತುದಿಗೆ ಹೋಗಿ, ಅಳುತ್ತಾ ಇಳಿಯಿತು, ಮತ್ತೆ ಏರಿತು.

‘ಹೊಳಿ ಬಂತು!’ ಅಂತ ತಾಯಿ ಜೋರಾಗಿ ಅಂದು, ಬಾಯಿಗೆ ಸೆರಗು ಹಿಡಿದು ನಗತೊಡಗಿದರು.

ಡ್ಯಾಮಿನ ಸೈರನ್. ಗೇಟು ತೆಗೆಯುವ ಮುಂಚೆ ಕೂಗುತ್ತದಲ್ಲ, ಅದು. ಕಾರ್ಯಕ್ರಮದಲ್ಲಿ ಗಲಾಟೆ ಹೆಚ್ಚಾದರೆ ಅಪ್ಪ ಇದನ್ನು ಒತ್ತುತ್ತಿದ್ದರಂತೆ, ಹೊಳೆದಂಡೆಯ ಜನ ಒಂದು ಕ್ಷಣ ಗಪ್‌ಚಿಪ್ ಆಗಿ, ಆಮೇಲೆ ಹೋ ಅಂತ ನಗುತ್ತಿದ್ದರಂತೆ. ಮನೆಯಲ್ಲಿ ಊಟಕ್ಕೆ ತಡವಾದರೂ ಇದೇ. ತಾಯಿ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಮಗಳು ಕೀಲಿಯಿಂದ ಬೆರಳು ತೆಗೆಯಲೇ ಇಲ್ಲ. ಎದುರಿನ ಪಾನ್ ಅಂಗಡಿಯವನು ಹೊರಗೆ ಬಂದು ಆಕಾಶ ನೋಡಿದ. ಗೇಟು ಕಿತ್ತುಹೋಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ ನೋಡಿ.

ಆ ಕಿರಿಕಿರಿಯ ಕಾಪಿ ಈಗ ಮೂರು ಕಡೆ ಇದೆ. ನನ್ನ ಕಂಪ್ಯೂಟರಿನಲ್ಲಿ, ಆಕೆಯ ಮಗನ ಪೆನ್‌ಡ್ರೈವಿನಲ್ಲಿ, ಮತ್ತೆ ಹಲ್ಲು ಮುರಿದ ಆ ಕ್ಯಾಸೆಟ್ಟಿನಲ್ಲಿ. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂಥ ಹಳೇ ಕೀಬೋರ್ಡು ಇದ್ದರೆ, ನಡೆಯುತ್ತಿದೆಯೋ ಅಂತ ನೋಡಲು ಕರೆಂಟು ಕೊಡುವ ಮುಂಚೆ ಬಿಚ್ಚಿಸಿ ಬ್ಯಾಟರಿ ಸೋರಿದೆಯಾ ನೋಡಿಸಿ. ಸೋರಿಲ್ಲ, ಸದ್ದುಗಳೂ ಇವೆ ಅಂದರೆ ಬ್ಯಾಟರಿ ಮುಟ್ಟುವ ಮುಂಚೆ ಟೇಪ್ ಸಾಕೆಟ್ಟಿನಿಂದ ಫೋನಿಗೋ ಕಂಪ್ಯೂಟರಿಗೋ ಕಾಪಿ ಮಾಡಿಕೊಳ್ಳಿ. ರಿಪೇರಿಯವನು ಉಪಕಾರ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಯಂತ್ರದ ತಳಕ್ಕೆ ಸೆಲ್ ಹಾಕಿದ ತಾರೀಕು ಬರೆದು ಚೀಟಿ ಅಂಟಿಸಿ ಕಳಿಸಿದೆ. ಒಂದು ಸದ್ದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ಮೂರನೇ ಸಾಲಿನ ಮೂರನೆಯದು ಒಡಕು ಒಡಕಾಗಿ, ಶೀತವಾದವರ ದನಿಯ ಹಾಗೆ ಬರುತ್ತದೆ. ಟೇಪಿನಲ್ಲಿ ಕೆಟ್ಟಿದೆ, ಸರಿ ಮಾಡಿ ಅನ್ನುತ್ತಾಳೆ ಮಗಳು. ಅದು ಇದ್ದದ್ದೇ ಹಂಗ, ಮುಟ್ಟಬ್ಯಾಡ್ರಿ ಅನ್ನುತ್ತಾರೆ ತಾಯಿ. ನಾನು ಮುಟ್ಟಿಲ್ಲ.